ಬ್ಯಾಟ್ರಿ ಬಿಚ್ಚಿದ ಕೈ

"ಮುಖ ವಸಿ ಹಿಂದಕ್ಕೆ ಇಟ್ಕೊಳಿ ನರಸಯ್ಯನೋರೆ" ಎಂದವನೇ ಪೀರ್ ಅಹಮದ್ ಚಾಕುವಿನ ತುದಿಯನ್ನು ಬ್ಯಾಟರಿಯ ಅಡಿಗೆ ತೂರಿಸಿ ಒಂದೇ ಸಲಕ್ಕೆ ಮೀಟಿದ.

ಬುಸ್ ಎಂದಿತು. ಮೊದಲು ಬೆಳ್ಳನೆಯ ಹೊಗೆ, ಅದರ ಬೆನ್ನಿಗೇ ಗೇಣುದ್ದದ ಬೆಂಕಿ. ಮೇಜಿನ ಮೇಲಿದ್ದ ಫೋನು ತಾನಾಗಿ ಮಗುಚಿಕೊಂಡು ನೆಲಕ್ಕೆ ಬಿತ್ತು. ಪೀರ್ ಅಹಮದ್ ಪಕ್ಕದಲ್ಲೇ ಇಟ್ಟುಕೊಂಡಿದ್ದ ಮರಳಿನ ಬಕೆಟ್ಟನ್ನು ಅದರ ಮೇಲೆ ಸುರಿದ. ನನ್ನ ಮೀಸೆಯ ಎಡಗಡೆಯಿಂದ ಸುಟ್ಟ ವಾಸನೆ ಬಂತು. ಮೂವತ್ತು ವರ್ಷದ ಪೊಲೀಸ್ ಸರ್ವೀಸಿನಲ್ಲಿ ಕಲ್ಲೇಟು ತಿಂದಿದ್ದೇನೆ, ಕುಡುಗೋಲಿನ ಏಟು ತಿಂದಿದ್ದೇನೆ. ಮೊಬೈಲಿನ ಕೈಯಲ್ಲಿ ಮೀಸೆ ಸುಡಿಸಿಕೊಂಡದ್ದು ಇದೇ ಮೊದಲು.

ಶ್ರೀರಂಗಪಟ್ಟಣದ ಗಂಜಾಂ ರಸ್ತೆಯಲ್ಲಿ ಪೀರ್ ಅಹಮದನದು ಹಳೆಯ ರಿಪೇರಿ ಅಂಗಡಿ. ಹಿಂದಿನ ಕೋಣೆ ಅವನ ಕೆಲಸದ ಮನೆ, ಅದರ ಹಿಂದೆ ಅವನ ಸಂಸಾರದ ಮನೆ. ಕೊಲೆಯಾದ ನಿಂಗರಾಜುವಿನ ಹತ್ತಿರ ಇದ್ದ ಮಾಡೆಲ್ಲಿನದೇ ಒಂದು ಕೆಟ್ಟ ಫೋನನ್ನು ನನಗೆ ತೋರಿಸಲೆಂದೇ ಅವನು ಬಲಿ ಕೊಟ್ಟಿದ್ದ.

ಹಿಂದಿನ ಫೋನುಗಳ ಕಥೆಯೇ ಬೇರೆ ಎಂದು ಅವನು ಹೇಳಿದ. ಮುಚ್ಚಳಕ್ಕೆ ಉಗುರು ಹಾಕಿದರೆ ಸಾಕು, ಬ್ಯಾಟರಿ ಅಂಗೈಗೆ ಬೀಳುತ್ತಿತ್ತು. ಹೊಸದು ಕೊಂಡು ಜನ ತಾವೇ ಹಾಕಿಕೊಳ್ಳುತ್ತಿದ್ದರು. ಈಗಿನದಕ್ಕೆ ಬೆನ್ನ ಮೇಲೆ ಗಾಜು, ಗಾಜಿಗೆ ಅಂಟು. ಹೀಟರಿನ ಮೇಲಿಟ್ಟು ಕಾಯಿಸಿ, ರಬ್ಬರ್ ಬಟ್ಟಲು ಕಚ್ಚಿಸಿ ಎಳೆದು, ಸಂದಿಗೆ ಪ್ಲಾಸ್ಟಿಕ್ ಚೂರು ಆಡಿಸಬೇಕು. ಆಮೇಲೆ ಹತ್ತೆಂಟು ಸ್ಕ್ರೂ. ಅದಾದ ಮೇಲೆ ನೋಡಿದರೆ ಬ್ಯಾಟರಿಗೂ ಅಂಟು. ಎಷ್ಟೇ ಕೈ ಪಳಗಿದ್ದರೂ ಅರ್ಧ ಗಂಟೆಯ ಕೆಲಸ. ಅವಸರ ಮಾಡಿದರೆ ಬೆಂಕಿ.

"ಕತ್ಲಲ್ಲಿ, ನಿಂತ ನಿಲುವಲ್ಲಿ, ಎರಡು ನಿಮಿಷಕ್ಕೆ ಇದರ ಬ್ಯಾಟರಿ ಬಿಚ್ಚೋ ಮೆಕ್ಯಾನಿಕ್ಕು ಈ ದುನಿಯಾದಲ್ಲಿ ಹುಟ್ಟಿಲ್ಲ ಸಾಹೇಬ್" ಎಂದ. "ಚೈತನ್ಯಾನೂ ಅಲ್ಲ, ನಾನೂ ಅಲ್ಲ. ನೀವು ಕೇಳೋ ಲೆಟರು ನಾನು ಬರ್ದುಕೊಡಲ್ಲ."

ನಾನು ಬಂದದ್ದೇ ಆ ಲೆಟರಿಗೆ; ನಮ್ಮ ಲಾಕಪ್ಪಿನಲ್ಲಿರುವ ಚೈತನ್ಯನಂಥ ಮೆಕ್ಯಾನಿಕ್ ನಿಂತಲ್ಲೇ ಬ್ಯಾಟರಿ ಬಿಚ್ಚಬಲ್ಲ ಎಂದು ಬರೆಸಿಕೊಳ್ಳಬೇಕಿತ್ತು. ಕಲ್ಲುತೂಬಿನ ಆಲೆಮನೆ ಮಾಲೀಕ ನಿಂಗರಾಜು ಮೂರು ದಿನದ ಹಿಂದೆ, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ತನ್ನ ಆಲೆಮನೆಯಲ್ಲೇ ಹೆಣವಾದ. ಹಣೆಗೆ ದುಂಡನೆಯ ಭಾರದ ವಸ್ತುವಿನಿಂದ ಮೂರು ಏಟು, ಕುತ್ತಿಗೆಗೆ ಕಬ್ಬು ಕಡಿಯುವ ಮಚ್ಚಿನಿಂದ ಒಂದು ಏಟು. ತಲೆ ಒಂದು ಕಡೆಗೆ ಜೋತುಬಿದ್ದಿತ್ತು. ಅವನ ಫೋನು ಇನ್ನೂ ಸಿಕ್ಕಿಲ್ಲ.

ಕಂಡವಳು ಒಬ್ಬಳೇ, ನಾಗಮಂಗಲ ಕಡೆಯಿಂದ ಬೆಲ್ಲದ ಕೆಲಸಕ್ಕೆ ಬಂದಿದ್ದ ಮಂಚಮ್ಮ. ಯಾರೋ ಅವಳ ಬುರುಡೆಯನ್ನೂ ಹಿಂದಿನಿಂದ ಒಡೆದಿದ್ದರು. ಆಸ್ಪತ್ರೆಯ ಮಂಚದ ಮೇಲೆ ಅವಳು ಅರೆಜ್ಞಾನದಲ್ಲಿ ಹೇಳಿದ್ದನ್ನು ಬರೆದುಕೊಂಡವನು ನಾನೇ. "ಸದರಿ ಆರೋಪಿಯು ಮೃತನ ಮೊಬೈಲಿನ ಬ್ಯಾಟರಿಯನ್ನು ಬಿಚ್ಚಿ, ಸೆಲ್ ಫೋನನ್ನು ತೆಗೆದು ಬಿಸಾಡಿರುತ್ತಾನೆ" ಎಂದು ಬರೆದಿದ್ದೆ. ಆ ಮುದುಕಿ ಈ ದಿನ ಬೆಳಿಗ್ಗೆ ಎಂಟಕ್ಕೆ ತೀರಿಕೊಂಡಳು. ಹಾಗಾಗಿ ನಾನು ಬರೆದ ಹಾಳೆ ಈಗ ಬರೀ ಹೇಳಿಕೆಯಲ್ಲ, ಮರಣ ಹೇಳಿಕೆ. ಅದನ್ನು ತಿದ್ದಲು ಇನ್ನು ಯಾರೂ ಇಲ್ಲ.

ಅಂಟು ಹಾಕಿದ ಫೋನಿನ ಬ್ಯಾಟರಿ ಬಿಚ್ಚುವವನು ಮೆಕ್ಯಾನಿಕ್ ಅಲ್ಲದೆ ಕುರಿ ಕಾಯುವವನೇ ಎಂಬುದು ನಮ್ಮ ಸಬ್ ಇನ್ಸ್‌ಪೆಕ್ಟರ್ ದಿಲೀಪರ ವಾದ. ಪಾಂಡವಪುರದ ಬಸ್ ಸ್ಟ್ಯಾಂಡಿನ ಹತ್ತಿರ ಚೈತನ್ಯನ ಮೊಬೈಲ್ ಅಂಗಡಿ. ನಿಂಗರಾಜು ಬ್ಯಾಟರಿ ಬದಲಾಯಿಸಲು ಫೋನನ್ನು ಎರಡು ದಿನ ಅವನಲ್ಲಿ ಬಿಟ್ಟಿದ್ದ. ವಾಪಸ್ ತೆಗೆದುಕೊಂಡ ಮಾರನೆಯ ದಿನ ಬಂದು, ನನ್ನ ಫೋನಲ್ಲಿ ಏನ್ಲಾ ನೋಡ್ದೆ ಎಂದು ಕೊರಳಪಟ್ಟಿ ಹಿಡಿದು, ಬಾಯಿ ಬಿಟ್ಟರೆ ಕೈ ಕತ್ತರಿಸುತ್ತೇನೆ ಎಂದು ಹತ್ತು ಜನರ ಎದುರು ಕೂಗಾಡಿದ್ದ. ದಿಲೀಪರಿಗೆ ಅಷ್ಟು ಸಾಕಾಯಿತು.

ಬೆಳಿಗ್ಗೆ ಲಾಕಪ್ಪಿನಲ್ಲಿ ಚೈತನ್ಯನಿಗೆ ಟೀ ಕೊಡಲು ಹೋಗಿದ್ದೆ. ಲೋಟ ಹಿಡಿಯಲು ಅವನಿಗೆ ಆಗಲಿಲ್ಲ. ಬಲಗೈಯ ಬೆರಳುಗಳು ಊದಿ ನೀಲಿಗಟ್ಟಿದ್ದವು, ಎರಡು ಉಗುರು ಇರಲೇ ಇಲ್ಲ. ಕೂದಲೆಳೆಯಷ್ಟು ತಂತಿ ಬೆಸೆಯುತ್ತಿದ್ದ ಕೈ ಅದು. ಆ ಹೊತ್ತು ಎಲ್ಲಿದ್ದೆ ಎಂದು ಎಷ್ಟು ಕೇಳಿದರೂ ಅವನು ಹೇಳುವುದಿಲ್ಲ. ಮೂರು ಗಂಟೆಗೆ ಅವನನ್ನು ಸ್ಥಳ ಮಹಜರಿಗೆ ಕರೆದೊಯ್ದು, ಅಲ್ಲಿಂದ ಕೋರ್ಟಿಗೆ ಹಾಜರುಪಡಿಸುವುದೆಂದು ದಿಲೀಪರ ಲೆಕ್ಕಾಚಾರ.

"ಹಿಂದೆ ಬ್ಯಾಟರಿ ಹೋದ್ರೆ ಬ್ಯಾಟರಿ ಒಂದೇ ಕೊಡೋರು" ಎಂದ ಪೀರ್ ಅಹಮದ್, ಮರಳು ಕೆದಕುತ್ತ. "ಈಗ ಅದಕ್ಕೋಸ್ಕರ ಇಡೀ ಫೋನು ನಮ್ಮ ಕೈಗೆ ಕೊಟ್ಟು ಹೋಯ್ತಾರೆ. ಮನೆ ಬೀಗದ ಕೈ ಕೊಟ್ಟಂಗೆ. ನಾವು ಕಣ್ಣು ಮುಚ್ಕೊಂಡು ಕೆಲಸ ಮಾಡ್ಬೇಕು. ಆ ಹುಡುಗ ಕಣ್ಣು ಬಿಟ್ಟವ್ನೆ ಅನ್ಸುತ್ತೆ."

ಕೋಣೆಯ ತುಂಬ ಹೊಗೆ. ತಂತಿಗಳಿಗೆ ಏನಾದರೂ ಆದೀತೆಂದು ಅವನು ಮೇನ್ ಸ್ವಿಚ್ ಆರಿಸಿದ. ಕಿಟಕಿಯಿಲ್ಲದ ಕೋಣೆ, ಹಗಲಿನಲ್ಲೂ ಗವ್ವೆನ್ನುವ ಕತ್ತಲೆ. ಅವನು ಒಳಮನೆಯ ಕಡೆ ತಿರುಗಿ ಹೆಂಡತಿಯನ್ನು ಕರೆದ.

"ಬೇಗಂ, ಜರಾ ಬ್ಯಾಟ್ರಿ ಲಾನಾ."

ಒಳಗಿನಿಂದ ಶಾಹಜಹಾನ್ ಬೇಗಂ ಉತ್ತರ ಕೊಟ್ಟಳು: "ಬ್ಯಾಟ್ರಿ ಹೈ ಜೀ, ಸೆಲ್ಲಾಂ ನೈ."

ಬ್ಯಾಟ್ರಿ ಇದೆ, ಸೆಲ್ಲು ಇಲ್ಲ. ಪರದೆ ಸರಿಸಿ ಆಕೆ ನೀಡಿದ ಕೈಯಲ್ಲಿ ಇದ್ದದ್ದು ಒಂದು ಟಾರ್ಚು.

ಥೂ, ನನ್ನ ಜನ್ಮಕ್ಕಿಷ್ಟು. ನಾನೇನು ಬೆಂಗಳೂರಿನಲ್ಲಿ ಹುಟ್ಟಿದವನೇ? ಕೆ.ಆರ್. ಪೇಟೆಯ ಹಳ್ಳಿಯವನು. ನಮ್ಮಪ್ಪ ಸಾಯುವ ತನಕ ಟಾರ್ಚಿಗೆ ಬ್ಯಾಟ್ರಿ ಎಂದೇ ಅಂದವನು. ಬ್ಯಾಟ್ರಿ ಬುಡ್ಲಾ ಅಂದರೆ ಬೆಳಕು ಬಿಡು ಎಂದರ್ಥ, ಸೆಲ್ಲು ಅಂದರೆ ಅದರೊಳಗೆ ಹಾಕುವ ದಪ್ಪ ಸೆಲ್ಲು. ಸದರಿ, ಮೃತನ, ಬಿಸಾಡಿರುತ್ತಾನೆ ಎಂದು ಬರೆದೂ ಬರೆದೂ ನನ್ನ ಕಿವಿಯೇ ಕೆಟ್ಟುಹೋಗಿತ್ತು. ಫೋನು ಎಲ್ಲಿ ಎಂಬುದನ್ನೇ ತಲೆಯಲ್ಲಿ ತುಂಬಿಕೊಂಡು ಕೂತವನಿಗೆ ಮುದುಕಿ ಹೇಳಿದ್ದೆಲ್ಲ ಫೋನಾಗಿಯೇ ಕೇಳಿಸಿತು.

ಅವಳ ಬಾಯಿಂದ ಬಂದ ಮಾತು ಈಗ ಅಕ್ಷರಕ್ಷರ ನೆನಪಾಯಿತು. "ಬ್ಯಾಟ್ರಿ ಬಿಚ್ಚುದ್ರು ಕಣಪ್ಪ. ಸೆಲ್ಲು ತಗ್ದು ಬಿಸಾಕ್ಬುಟ್ರು." ಕೊಲೆಗಡುಕರ ಕೈಯಲ್ಲಿ ಟಾರ್ಚು ಇತ್ತು, ಅದನ್ನು ಬಿಚ್ಚಿ ಸೆಲ್ಲು ಎಸೆದರು. ಅಷ್ಟೇ ಅವಳು ಹೇಳಿದ್ದು. ನನ್ನ ಒಂದು ಸಾಲಿಗೆ ಒಬ್ಬ ಹುಡುಗನ ಬೆರಳು ಹೋಗಿದ್ದವು, ಇನ್ನು ಪ್ರಾಣ ಹೋಗುವುದೊಂದು ಬಾಕಿ.

ಬೈಕನ್ನು ಹೇಗೆ ಓಡಿಸಿದೆನೋ ನನಗೇ ಗೊತ್ತಿಲ್ಲ. ಪಾಂಡವಪುರ ದಾಟಿ, ಸಕ್ಕರೆ ಕಾರ್ಖಾನೆಗೆ ಸಾಲುಗಟ್ಟಿದ್ದ ಕಬ್ಬಿನ ಟ್ರಾಕ್ಟರುಗಳ ಪಕ್ಕದಲ್ಲಿ ನುಸುಳಿ ಕಲ್ಲುತೂಬಿಗೆ ಬಂದಾಗ ಹನ್ನೆರಡೂವರೆ.

ಆಲೆಮನೆಯ ಒಲೆ ಆರಿತ್ತು. ಕೊಪ್ಪರಿಗೆಯ ತಳದಲ್ಲಿ ಅರ್ಧ ಬೆಂದ ಪಾಕ ಕಪ್ಪಾಗಿ, ನೊಣ ಮುಕುರಿದ್ದವು. ಗೋಡೆಯ ಮೇಲೆ ನಿಂಗರಾಜುವಿನ ರಕ್ತ ಎದೆಮಟ್ಟದ ತನಕ ಸಿಡಿದು ಒಣಗಿತ್ತು. ನಾವು ಈ ಜಾಗವನ್ನು ಎರಡು ಸಲ ಜಾಲಾಡಿದ್ದೆವು, ಆದರೆ ಹುಡುಕಿದ್ದು ಫೋನನ್ನು. ನಾನು ಅಂಗಿ ಬಿಚ್ಚಿ ಬೈಕಿನ ಮೇಲೆ ಹಾಕಿ, ಕಬ್ಬಿನ ಸಿಪ್ಪೆಯ ರಾಶಿಗೆ ಕೈ ಹಾಕಿದೆ.

ಮುಕ್ಕಾಲು ಗಂಟೆ ಕೆದಕಿದೆ. ಅಂಗೈ ತುಂಬ ಸೀಳು. ಮೊದಲು ಒಂದು ಸಿಕ್ಕಿತು, ಅಲ್ಲೇ ಮಾರು ದೂರದಲ್ಲಿ ಇನ್ನೊಂದು, ಗೋಡೆಯ ಬುಡದಲ್ಲಿ ಮೂರನೆಯದು. ಹೆಬ್ಬೆರಳಿಗಿಂತ ದಪ್ಪನೆಯ, ಹಳೇ ಕಾಲದ ದೊಡ್ಡ ಸೆಲ್ಲುಗಳು. ಒಂದರ ಮೇಲೆ ಒಣಗಿದ ರಕ್ತದಲ್ಲಿ ಬೆರಳಿನ ಗುರುತು ಅಚ್ಚೊತ್ತಿತ್ತು. ಕರ್ಚೀಫಿನಲ್ಲಿ ಸುತ್ತಿಕೊಂಡೆ. ಮೂರು ಸೆಲ್ಲಿನ ಉಕ್ಕಿನ ಟಾರ್ಚು ಒಂದೂಕಾಲಡಿ ಉದ್ದ. ಹಣೆಗೆ ಬಿದ್ದ ದುಂಡನೆಯ ಏಟು ಯಾವುದರದೆಂದು ಇನ್ನು ಡಾಕ್ಟರು ಹೇಳಬೇಕಾಗಿರಲಿಲ್ಲ.

ಈಗ ಯಾರ ಕೈಯಲ್ಲಿದೆ ಅಂಥ ಟಾರ್ಚು? ಎಲ್ಲರಿಗೂ ಮೊಬೈಲಿನ ಲೈಟೇ ಸಾಕು. ಊರ ಬಾಗಿಲಿನ ಅಂಗಡಿಯ ಪಾರ್ವತಮ್ಮನನ್ನು ಕೇಳಿದೆ. ದಪ್ಪ ಸೆಲ್ಲನ್ನು ಅವಳು ಒಬ್ಬನಿಗೋಸ್ಕರವೇ ತರಿಸುವುದಂತೆ. ಮೊನ್ನೆ ತಾನೇ ಅವನು ಬಂದು ಮೂರು ಸೆಲ್ಲು ತೆಗೆದುಕೊಂಡು, ಬ್ಯಾಟ್ರಿಯ ಮುಂದಿನ ಗಾಜು ಸಿಗುತ್ತದೆಯೇ ಎಂದೂ ಕೇಳಿದನಂತೆ. ಹೆಸರು ಹೇಳಿದಳು. ನೀರಗಂಟಿ ಚಿಕ್ಕಸ್ವಾಮಿ.

ನಾಲೆಯ ತೂಬು ತೆಗೆದು, ಸರದಿಯಂತೆ ಗದ್ದೆಗಳಿಗೆ ನೀರು ಬಿಡುವವನು ಅವನು. ಕತ್ತಲೆಯಲ್ಲಿ ಬದುವಿನ ಮೇಲೆ ಓಡಾಡುವ ಕೆಲಸ, ನೀರಿಗೆ ಬಿದ್ದರೂ ಕೆಡದ ಬೆಳಕು ಬೇಕು. ಅದೆಲ್ಲ ಸರಿ. ಆದರೆ ಚೈತನ್ಯನ ಹೆಂಡತಿ ಸ್ನೇಹ ಈ ಚಿಕ್ಕಸ್ವಾಮಿಯ ಒಬ್ಬಳೇ ಮಗಳು. ಅಳಿಯನನ್ನು ಬಿಡಿಸಲು ಹೊರಟವನು ಮಾವನನ್ನು ಹಿಡಿಯಬೇಕಾಗಿ ಬಂತು. ಅತ್ತ ದರಿ, ಇತ್ತ ಪುಲಿ.

ತೂಬಿನ ಪಕ್ಕದಲ್ಲೇ ಅವನ ಹೆಂಚಿನ ಮನೆ. ಬೈಕನ್ನು ಅದರ ಮುಂದೆ ನಿಲ್ಲಿಸಿದೆ. ಚಿಕ್ಕಸ್ವಾಮಿ ಜಗಲಿಯ ಮೇಲೆ ಕೂತು ಗುದ್ದಲಿಯ ಬಾಯಿಗೆ ಅರ ಹಾಕುತ್ತಿದ್ದ. ಅರವತ್ತು ದಾಟಿದರೂ ಹುರಿಗಟ್ಟಿದ ಮೈ. ನಾನು ಕರ್ಚೀಫು ಬಿಚ್ಚಿ ಮೂರು ಸೆಲ್ಲನ್ನೂ ಅವನ ಮುಂದೆ ಇಟ್ಟೆ.

ಅವನು ಅವುಗಳನ್ನು ನೋಡಿದ. ಅರ ಹಾಕುವುದು ನಿಂತಿತು.

"ಬ್ಯಾಟ್ರಿ ಎಲ್ಲೈತೆ ಚಿಕ್ಕಸ್ವಾಮಣ್ಣ?"

ಉತ್ತರವಾಗಿ ಗುದ್ದಲಿ ಬಂತು. ನಾನು ಪಕ್ಕಕ್ಕೆ ವಾಲದಿದ್ದರೆ ತಲೆ ಎರಡು ಹೋಳಾಗುತ್ತಿತ್ತು. ಭುಜದ ಮಾಂಸ ಕಿತ್ತುಕೊಂಡು ಅದು ಕಂಬಕ್ಕೆ ಹೊಡೆಯಿತು. ಎರಡನೆಯ ಸಲ ಎತ್ತುವುದರೊಳಗೆ ನಾನು ಅವನ ಹೊಟ್ಟೆಗೆ ತಲೆ ಕೊಟ್ಟು ನುಗ್ಗಿದೆ. ಇಬ್ಬರೂ ಜಗಲಿಯಿಂದ ಉರುಳಿ ಕಾಲುವೆಯ ಕೆಸರಿಗೆ ಬಿದ್ದೆವು.

ಅವನು ನನ್ನ ಕತ್ತು ಹಿಡಿದು ನೀರಿಗೆ ಅದುಮಿದ. ಮೂಗು ಬಾಯಿಗೆಲ್ಲ ಕೆಸರು ತುಂಬಿತು. ಕಣ್ಣು ಕತ್ತಲಿಟ್ಟು, ಮುಗಿಯಿತು ನನ್ನ ಕಥೆ ಎಂದುಕೊಂಡೆ. ಕೈಗೆ ಸಿಕ್ಕ ಕಲ್ಲಿನಿಂದ ಅವನ ಕಿವಿಯ ಮೇಲೆ ಬೀಸಿದೆ, ಇನ್ನೊಮ್ಮೆ ಬೀಸಿದೆ. ಹಿಡಿತ ಸಡಿಲಿತು. ಮೇಲೆ ಹತ್ತಿ ಕೂತು ಅವನ ಮೂತಿಗೆ ಎರಡು ಗುದ್ದಿದಾಗ ಹಲ್ಲೊಂದು ನನ್ನ ಬೆರಳ ಸಂದಿಗೆ ಕಿತ್ತುಬಂತು. ಬೇಡಿ ಹಾಕುವಾಗ ನನ್ನ ರಕ್ತ ಯಾವುದು ಅವನದು ಯಾವುದು ಎಂದು ತಿಳಿಯುತ್ತಿರಲಿಲ್ಲ.

"ನಾನೇ ಕಣಯ್ಯ ಕೊಂದೋನು" ಎಂದು ಅವನು ಉಗುಳಿದ. "ಬರ್ಕೋ. ನನ್ನ ಅಳೀನ ಬುಟ್ಬುಡು."

ಅವನನ್ನು ತೂಬಿನ ಕಲ್ಲಿಗೆ ಒರಗಿಸಿ ಕೂರಿಸಿದೆ. ಸಂತೋಷ ಆಗಬೇಕಿತ್ತು, ಆಗಲಿಲ್ಲ. ಇಷ್ಟು ಬೇಗ ಒಪ್ಪಿಕೊಳ್ಳುವವನು ಗುದ್ದಲಿ ಯಾಕೆ ಬೀಸಿದ? ಅದಕ್ಕೆ ಎಲ್ಲಿಗೆ ಹೊಡೆದೆ, ಹೇಗೆ ಹೊಡೆದೆ ಎಂದು ಕೇಳಿದೆ. ಹಿಂದಿನಿಂದ ಹೋಗಿ ನೆತ್ತಿಗೆ ಒಂದೇ ಏಟು ಹಾಕಿದೆ ಎಂದ. ನಿಂಗರಾಜುವಿನ ನೆತ್ತಿಯ ಮೇಲೆ ಒಂದು ಗೀರೂ ಇರಲಿಲ್ಲ.

ನೀನು ಆ ಹೊತ್ತು ಆಲೆಮನೆಯ ಕಡೆಗೇ ಹೋಗಿಲ್ಲ, ಯಾರನ್ನೋ ಬಚ್ಚಿಡುತ್ತಿದ್ದೀಯ ಎಂದೆ. ಮುದುಕ ತಲೆ ತಗ್ಗಿಸಿದ. ರಕ್ತದ ಜೊತೆಗೆ ಅವನ ಕಣ್ಣೀರೂ ಗಡ್ಡದಿಂದ ತೊಟ್ಟಿಕ್ಕಿತು.

"ಅಪ್ಪನ್ನ ಬುಡಿ ಸಾ."

ಬಾಗಿಲಲ್ಲಿ ಸ್ನೇಹ ನಿಂತಿದ್ದಳು. ಇಪ್ಪತ್ತೈದರ ಹುಡುಗಿ, ಮುಖ ಬಿಳಿಚಿ ಸುಣ್ಣವಾಗಿತ್ತು. ಎರಡು ಕೈಯಲ್ಲೂ ಮಗುವಿನಂತೆ ಹಿಡಿದುಕೊಂಡಿದ್ದ ಉಕ್ಕಿನ ಟಾರ್ಚಿನ ಮೂತಿ ನಜ್ಜುಗುಜ್ಜಾಗಿತ್ತು, ಮುಂದಿನ ಗಾಜು ಇರಲಿಲ್ಲ.

ಸುಮ್ಕೆ ಒಳಿಕ್ಕೆ ಹೋಗು ಮಗ ಎಂದು ಮುದುಕ ಗೋಗರೆದ. ಅವಳು ಮೆಟ್ಟಿಲಿಳಿದು ಬಂದು ಟಾರ್ಚನ್ನು ಮೂರು ಸೆಲ್ಲುಗಳ ಪಕ್ಕ ಇಟ್ಟಳು. ಆಮೇಲೆ ನಿಂತುಕೊಂಡೇ ಹೇಳತೊಡಗಿದಳು, ಒಂದು ಸಲವೂ ದನಿ ಏರಿಸದೆ.

ಆ ಫೋನಿನಲ್ಲಿ ಏನು ನೋಡಿದೆ ಎಂದು ಗಂಡ ಅವಳಿಗೆ ಹೇಳಿರಲಿಲ್ಲವಂತೆ. ಗೊತ್ತಾದರೆ ನಿನ್ನನ್ನೂ ಬಿಡುವುದಿಲ್ಲ ಎಂದಷ್ಟೇ ಅಂದಿದ್ದ. ಊಟ ನಿದ್ದೆ ಬಿಟ್ಟಿದ್ದ. ನೋಡಲಾರದೆ, ಕಾಲು ಹಿಡಿದಾದರೂ ನಿಂಗರಾಜುವನ್ನು ಸಮಾಧಾನ ಮಾಡೋಣವೆಂದು, ಒಲೆ ಹಚ್ಚಲು ಅವನು ಒಬ್ಬನೇ ಬರುವ ಹೊತ್ತು ನೋಡಿಕೊಂಡು, ಹಿಂದಿನ ದಿನವೇ ತವರಿಗೆ ಬಂದು, ಅಪ್ಪನ ಬ್ಯಾಟ್ರಿ ಹಿಡಿದು ಹೋದಳು. ಅವನು ಮಾತು ಕೇಳಲಿಲ್ಲ. ಸೀರೆಗೆ ಕೈ ಹಾಕಿದ. ಅವಳ ಬಾಯಿ ಮುಚ್ಚಿ ಗೋಡೆಗೆ ಒತ್ತಿದ.

"ಹಣೆಗೆ ಬುಟ್ಟೆ" ಎಂದಳು. "ಮೂರು ಸಲ. ಸ್ವಿಚ್ಚು ಕಚ್ಕೊಂಡ್ಬುಡ್ತು ಸಾ, ಲೈಟು ಆರ್ತಾನೇ ಇಲ್ಲ. ಯಾರಾದ್ರೂ ನೋಡ್ಬುಡ್ತಾರೆ ಅಂತ ಬಿಚ್ಚಿ ಸೆಲ್ಲು ತಗ್ದು ಬಿಸಾಕ್ದೆ. ನಮ್ಮವ್ರಿಗೆ ಎಲ್ಲಾನೂ ಹೇಳ್ದೆ. ನೀನು ಬಾಯಿ ಬುಡಬ್ಯಾಡ, ಏನು ಬಂದ್ರೂ ನನ್ನ ಮ್ಯಾಲೆ ಬರ್ಲಿ ಅಂದ್ರು."

ಮಚ್ಚು ಎಲ್ಲಿ ಎಂದು ಕೇಳಿದೆ.

"ಮಚ್ಚು ನಾನು ಮುಟ್ಟಿಲ್ಲ. ಆ ಮುದುಕೀನೂ ನಾನು ನೋಡ್ಲಿಲ್ಲ." ಅವಳು ಮೊದಲ ಬಾರಿಗೆ ನನ್ನ ಕಣ್ಣಿಗೆ ಕಣ್ಣಿಟ್ಟು ನೋಡಿದಳು. "ನಾನು ಓಡ್ಬರೋವಾಗ ಅವ್ನು ಬದುಕಿದ್ದ ಸಾ. ಗೋಡೆಗೆ ಒರಗಿ ಕೂತ್ಕೊಂಡು ಫೋನ್ ಮಾಡ್ತಿದ್ದ."

"ಯಾರ್ಗೆ?"

ಅವಳು ಹೇಳಲು ಹೆದರಿದಳು. ನನ್ನ ಖಾಕಿ ಪ್ಯಾಂಟನ್ನೇ ನೋಡುತ್ತಿದ್ದಳು. ನಾನು ಆ ಹೊತ್ತಿಗೆ ಪೊಲೀಸಿನವನಂತೆ ಕಾಣುತ್ತಿರಲಿಲ್ಲ. ಮೈಯೆಲ್ಲ ಕೆಸರು, ಭುಜದಿಂದ ರಕ್ತ ಸೋರುತ್ತಿತ್ತು. ಅದಕ್ಕೇ ಇರಬೇಕು, ಕೊನೆಗೂ ಬಾಯಿ ಬಿಟ್ಟಳು.

"'ದಿಲೀಪ್ ಸಾರ್, ಆ ಮೆಕ್ಯಾನಿಕ್ಕಿಗೆ ಎಲ್ಲಾ ಗೊತ್ತಾಗೈತೆ, ಬಿರ್ರನೆ ಬನ್ನಿ' ಅಂದ."

ಕೊಲೆಯಾದ ಸುದ್ದಿ ಠಾಣೆಗೆ ಬಂದದ್ದು ಏಳು ಗಂಟೆಗೆ, ನಾವೆಲ್ಲ ಹೋದದ್ದು ಏಳೂವರೆಗೆ. ಅದಕ್ಕೂ ಮೊದಲು ತನಗೊಂದು ಫೋನು ಬಂದಿತ್ತೆಂದು ದಿಲೀಪರು ಯಾರಿಗೂ ಹೇಳಿರಲಿಲ್ಲ. ಮಚ್ಚು ಬೀಸಿ, ಕಂಡ ಮುದುಕಿಯನ್ನೂ ಕೆಡವಿ, ತಮ್ಮ ಗುಟ್ಟಿದ್ದ ಫೋನನ್ನು ಒಯ್ದವರು ಅವರೇ ಇರಬೇಕು. ಅದೇ ಚೈತನ್ಯನನ್ನು ಮೂರು ದಿನದಿಂದ ತಮ್ಮ ಕೈಯಾರೆ ಬಡಿದು, ಏನು ನೋಡ್ದೆ, ಯಾರಿಗೆ ಹೇಳ್ದೆ ಎಂದು ಕೇಳುತ್ತಿದ್ದವರು ಅವರೇ. ನಾವು ಹೊರಗೆ ನಿಂತು ಅದನ್ನು ವಿಚಾರಣೆ ಎಂದುಕೊಂಡಿದ್ದೆವು.

ಬೈಕಿನ ಮೇಲೆ ಹಾಕಿದ್ದ ಅಂಗಿಯ ಜೇಬಿನಲ್ಲಿ ನನ್ನ ಫೋನು ಬಡಿದುಕೊಳ್ಳತೊಡಗಿತು. ಠಾಣೆಯ ಕಾನ್‌ಸ್ಟೇಬಲ್ ತನುಶ್ರೀ. ಪಿಸುಮಾತಿನಲ್ಲಿ ಮಾತಾಡುತ್ತಿದ್ದಳು. ಮೂರಕ್ಕೆ ಹೊರಡಬೇಕಾಗಿದ್ದವರು ಎರಡಕ್ಕೇ ಚೈತನ್ಯನನ್ನು ಜೀಪಿಗೆ ಹತ್ತಿಸಿಕೊಂಡು ನಾಲೆ ಏರಿಯ ಕಡೆ ಹೋದರಂತೆ. ಡ್ರೈವರನ್ನೂ ಇಳಿಸಿ, ದಿಲೀಪರು ತಾವೇ ಓಡಿಸಿಕೊಂಡು.

"ಬೇಡಿ ಬಿಚ್ಚಿಸವ್ರೆ ಸಾರ್" ಎಂದಳು. "ಮೇಜಿನ ಮೇಲೆ ಒಂದು ರಿಪೋರ್ಟು ಐತೆ, ಈಗ ನೋಡ್ದೆ. ಆರೋಪಿ ತಪ್ಪಿಸ್ಕೊಂಡು ಓಡಕ್ಕೋದ, ಗುಂಡು ಹಾರಿಸ್ಬೇಕಾಯ್ತು ಅಂತ ಆಗ್ಲೇ ಟೈಪ್ ಮಾಡ್ಸಿ ಸೈನ್ ಹಾಕ್ಬುಟ್ಟವ್ರೆ. ಟೈಮು ಮಾತ್ರ ಖಾಲಿ ಬುಟ್ಟವ್ರೆ."